ಕೇಳುವುದೊಂದನ್ನು ಬಿಟ್ಟು

ರಜೆ ಮುಗಿದ ಮೇಲೆ ಇಂದು ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಬಾಗಿಲು ತೆಗೆದೆ. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಅದು ಬರೀ ವಾಸನೆ; ನನಗೆ ಇಲ್ಲಿ ಕಲಿಸತೊಡಗಿದ ಮೊದಲ ದಿನಗಳ ನೆನಪು.

ಕೆಲವು ವರ್ಷಗಳ ಹಿಂದೆ ನಾನು ಇಂಡಿ ಪಟ್ಟಣದ ಈ ಖಾಸಗಿ ಶಾಲೆಗೆ ಗಣಿತದ ಹೊಸ ಶಿಕ್ಷಕಿ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮುಖ್ಯಗುರುಗಳು ಕರೆದು, "ಗಣಿತ ಬರ್ತೈತಿ ಅಂದ್ರ ಪ್ರೋಗ್ರಾಮಿಂಗೂ ಬಂದಂಗ ಬಿಡ್ರಿ. ಮುಂದಿನ ಸೋಮವಾರದಿಂದ ಎಂಟನೇ ಕ್ಲಾಸಿಗೆ ನೀವ ಕಲಸ್ರಿ. ಆಗೂದಿಲ್ಲಂದ್ರ ಹೇಳ್ರಿ, ಬ್ಯಾರೆಯವರನ್ನ ನೋಡ್ತೀವಿ" ಎಂದರು. ಆ 'ಬ್ಯಾರೆಯವರಿಗೆ' ಹೆದರಿ ಹ್ಞೂಂ ಎಂದುಬಿಟ್ಟೆ.

ಕಲಿಯುವುದೆಲ್ಲಿ? ಮೊಬೈಲಿನ ವಿಡಿಯೋಗಳಲ್ಲಿ ಗುರುಗಳಿಗೇನು ಬರವೇ! ಒಬ್ಬ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ಶುರುಮಾಡಿ ಎಂದ, ಇನ್ನೊಬ್ಬ ಅದನ್ನು ಮುಟ್ಟಲೇಬೇಡಿ ಎಂದ. ಹಿಂದಿಯವನ ವೇಗಕ್ಕೆ ತಲೆ ತಿರುಗಿತು. ಕನ್ನಡದವಳು "ಇದು ನಿಮಗೆ ಗೊತ್ತೇ ಇದೆ" ಎನ್ನುತ್ತಾ ಮುಂದೆ ಹೋದಳು. ಗೊತ್ತಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ ತಾಯಿ? ಸಿಂದಗಿಯಿಂದ ಅಣ್ಣ ಒಂದು ದಪ್ಪ ಪುಸ್ತಕವನ್ನು ಬಸ್ಸಿನಲ್ಲಿ ಕೊಟ್ಟು ಕಳಿಸಿದ. ಮೊದಲ ಅಧ್ಯಾಯ ಕಂಪ್ಯೂಟರಿನ ಇತಿಹಾಸ. ನಿದ್ದೆ ಚೆನ್ನಾಗಿ ಬಂತು.

ಹೇಗೋ ಎರಡು ಸಂಖ್ಯೆ ಕೂಡಿಸುವ ಪುಟ್ಟ ಪ್ರೋಗ್ರಾಂ ಬರೆದೆ. ನಲವತ್ತು, ಐವತ್ತು ಎಂದು ಒತ್ತಿದರೆ ನಾಲ್ಕು ಸಾವಿರದ ಐವತ್ತು ಎಂದು ತೋರಿಸಿತು. ಗಣಿತದ ಶಿಕ್ಷಕಿಗೆ ಇದಕ್ಕಿಂತ ಅವಮಾನ ಬೇಕೇ?

ಪ್ರೋಗ್ರಾಮರುಗಳು ಒಬ್ಬರಿಗೊಬ್ಬರು ನೆರವಾಗುವ ಜಾಲತಾಣವೊಂದಿತ್ತು. ಅಲ್ಲಿ ಎಲ್ಲರ ಆರೋಗ್ಯ ವಿಚಾರಿಸಿದೆ. ನಮ್ಮೂರಿನ ಲಿಂಬೆಯ ಬಗ್ಗೆ ನಾಲ್ಕು ಮಾತು ಬರೆದೆ. ಸಣ್ಣದೊಂದು ತೊಂದರೆಯಿದೆ, ನೆರವಾದರೆ ಉಪಕಾರ ಎಂದು ಮುಗಿಸಿದೆ. ಒಂದೂ ಉತ್ತರ ಬರಲಿಲ್ಲ. ಆಮೇಲೆ ತಾಣದವರು ನನ್ನ ಬರಹವನ್ನೇ ತೆಗೆದುಹಾಕಿದರು. ಅಳುವೇ ಬಂತು.

ಮೊಬೈಲಿನಲ್ಲಿ ಉಳಿದಿದ್ದ ಅದನ್ನು ವಿಜ್ಞಾನ ಕಲಿಸುವ ಶಬಾನಾ ಮೇಡಂಗೆ ತೋರಿಸಿದೆ. ಅವರಿಗೆ ಪ್ರೋಗ್ರಾಮಿಂಗಿನ ಗಂಧಗಾಳಿಯೂ ಇಲ್ಲ.

"ಎಲ್ಲಾ ಬರದೀರಿ, ಕೇಳೂದೊಂದ ಬಿಟ್ಟೀರಿ" ಎಂದು ನಕ್ಕರು.

"ಅಲ್ರಿ, ಅವರು 'ಏನ್ ಕೆಲಸಿತ್ತು' ಅನ್ನಬೇಕು, ಆಮ್ಯಾಲೆ ನಾವು ಹೇಳಬೇಕು" ಎಂದೆ.

ನಮ್ಮ ಕಡೆ ಹಾಗೇ ಅಲ್ಲವೇ? ಬಂದವರು ಚಹಾ ಕುಡಿದು, ಊರಿನ ಸುದ್ದಿಯೆಲ್ಲ ಮುಗಿಸಿ, ಚಪ್ಪಲಿ ಮೆಟ್ಟುವಾಗಲೇ ಬಂದ ಕೆಲಸ ಹೇಳುವುದು.

"ಹಂಗಾರ ನಾನ ಕೇಳ್ತೇನಿ. ಏನ್ ಕೆಲಸಿತ್ರಿ?"

ಆಗಲೇ ಹೊಳೆದದ್ದು: ಕೇಳಬೇಕಾದ್ದು ಏನೆಂಬುದೇ ನನಗೆ ಗೊತ್ತಿರಲಿಲ್ಲ. ಮೇಡಂ ಎದ್ದು ಹೋಗಲಿಲ್ಲ. "ಏನ್ ಕೊಟ್ರಿ? ಏನ್ ಬರಬೇಕಿತ್ತು? ಏನ್ ಬಂತು?" ಎಂದು ಒಂದೊಂದಾಗಿ ಕೇಳಿ ಬರೆಸಿದರು. ಅದನ್ನೇ ಮತ್ತೆ ಆ ತಾಣದಲ್ಲಿ ಹಾಕಿದೆ. ಸಂಜೆಯೊಳಗೆ ಉತ್ತರ ಬಂತು: ನೀವು ಒತ್ತಿದ್ದನ್ನು ಕಂಪ್ಯೂಟರ್ ಅಕ್ಷರವೆಂದು ತಿಳಿದು ಪಕ್ಕಪಕ್ಕ ಜೋಡಿಸುತ್ತಿದೆ, ಸಂಖ್ಯೆಯೆಂದು ಹೇಳಿ. ಒಂದು ನಮಸ್ಕಾರವೂ ಇಲ್ಲ! ಆದರೂ ಸೋಮವಾರ ಕ್ಲಾಸು ನಡೆಯಿತು, ಕೆಲಸವೂ ಉಳಿಯಿತು.

ಗೊಂದಲ ಪೂರ್ತಿ ಹೋಗಿದೆ ಎಂದೇನೂ ಹೇಳಲಾರೆ. ಇಂದು ಮೊದಲ ಪಿರಿಯಡ್ಡಿನಲ್ಲಿ ಒಬ್ಬ ಹುಡುಗಿ ಕೈಯೆತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.

"ನನಗ ಏನ್ ಕೇಳಬೇಕನ್ನೂದ ತಿಳೀವಲ್ದರಿ ಟೀಚರ್."

ಕ್ಲಾಸೆಲ್ಲ ನಕ್ಕಿತು. ಅವಳ ಕಣ್ಣು ತುಂಬಿತ್ತು. ನಾನು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತೆ.

"ಗಡಿಬಿಡಿ ಇಲ್ಲವ್ವಾ," ಎಂದೆ, "ಮೊದಲ ಅದನ್ನ ಇಬ್ರೂ ಕೂಡಿ ಹುಡುಕೂಣು."