ಸಾಬಮ್ಮನ ಪಾದದ ಫರಸಿ

೧೯೫೩ರ ಮಾತು. ಶಹಾಬಾದ್ ಸ್ಟೇಷನ್ನಿನಲ್ಲಿ ನಾನು ಟಿಕೆಟ್ ಕೊಡುತ್ತಿದ್ದೆ. ಹೈದರಾಬಾದಿಗೆ ಒಂದು ದಿನ ಹೋಗಿಬರಲು ಇಡೀ ತಿಂಗಳು ತಯಾರಿ ನಡೆಸಿದವನನ್ನು ನಾನು ಕಂಡದ್ದು ಸಾಯಬಣ್ಣ ಒಬ್ಬನನ್ನೇ. ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕಡಿಯುವವನು. ದಿನಾ ಸಂಜೆ ಕಿಟಕಿಗೆ ಬಂದು ನಿಲ್ಲುತ್ತಿದ್ದ. ವಾಡಿಯಲ್ಲಿ ಗಾಡಿ ಬದಲಿಸಬೇಕೇ, ಸ್ಟೇಷನ್ನಿನಿಂದ ಯೂನಿವರ್ಸಿಟಿ ಎಷ್ಟು ದೂರ, ಒಳಗೆ ಬಿಡುತ್ತಾರೋ ಇಲ್ಲವೋ. ಕೇಳಿದ್ದನ್ನೇ ಕೇಳಿ ನನ್ನ ತಲೆ ತಿನ್ನುತ್ತಿದ್ದ.

"ಏನ್ ಬಿ.ಎ. ಓದಾಕ ಹೊಂಟೀಯೇನಪಾ?" ಎಂದು ಒಂದು ದಿನ ರೇಗಿಸಿದೆ.

ಅವನು ನಗಲಿಲ್ಲ. ಹದಿನೈದು ವರ್ಷದ ಹಿಂದೆ ಯೂನಿವರ್ಸಿಟಿಯ ಒಂದು ಹೊಸ ಪಡಸಾಲೆಗೆಂದು ಇಲ್ಲಿಂದ ಫರಸಿ ಹೋಗಿತ್ತಂತೆ. ಹೆಂಡತಿ ಗಣಿಗೆ ಬುತ್ತಿ ತರುವಾಗ ಜೊತೆಗೆ ಬರುತ್ತಿದ್ದ ಐದು ವರ್ಷದ ಮಗಳು ಸಾಬಮ್ಮ, ತಾನೂ ಆ ದೊಡ್ಡ ಸಾಲಿಗೆ ಓದಲು ಹೋಗುವೆನೆಂದು ಹಟ ಹಿಡಿದಳಂತೆ. ಇವನು ಅವಳ ಬಲಗಾಲನ್ನು ಒಂದು ಫರಸಿಯ ಮೇಲಿಡಿಸಿ, ಸುತ್ತ ಇದ್ದಿಲಿನಿಂದ ಗೆರೆ ಎಳೆದು, ಉಳಿಯಿಂದ ಕೊರೆದ. ಮೊದಲು ಪಾದ ಹೋಗಲಿ, ಹಿಂದಿನಿಂದ ನೀನು ಹೋಗು ಎಂದ. ಆ ಮಳೆಗಾಲದಲ್ಲೇ ಜ್ವರ ಬಂದು ಹುಡುಗಿ ತೀರಿಕೊಂಡಳು.

"ಒಮ್ಮಿ ಆ ಪಾದಕ್ಕ ಕೈ ಮುಟ್ಟಿಸಿ ಬರ್ತೀನ್ರಿ ಸಾಹೇಬ್ರ," ಎಂದ. ನನ್ನ ಬಾಯಿಯ ಮೇಲೆ ನನಗೇ ಸಿಟ್ಟು ಬಂತು. ಅವತ್ತಿನಿಂದ ತಯಾರಿ ಇಬ್ಬರದೂ ಆಯಿತು.

ಹರಕು ಅಂಗಿಯಲ್ಲಿ ಹೋದರೆ ಬಾಗಿಲಲ್ಲೇ ತಡೆಯುತ್ತಾರೆಂದು ನಾನೇ ಒಂದು ಕೋಟು ಹುಡುಕಿದೆ. ಗಣಿಯಲ್ಲಿ ಮುಕಾದಮರಾಗಿ, ಕಲ್ಲು ನೋಡಿ ಪಾಸು ಮಾಡುತ್ತಿದ್ದ ಅಬ್ದುಲ್ ಕರೀಮ್ ಸಾಹೇಬರ ಹತ್ತಿರ ಒಂದಿತ್ತು. ಹೊರಡುವ ಹಿಂದಿನ ದಿನ ಇಬ್ಬರೂ ಅವರ ಮನೆಗೆ ಹೋದೆವು. "ಕಾಲ್ ತೊಳ್ಕೊಂಡು ಕುಂದ್ರಿ, ಚಹಾ ಮಾಡಾಕತ್ತೀನಿ," ಎಂದರು ಅವರ ಹೆಂಡತಿ ಚಾಂದಬೀ.

ಅಂಗಳದ ಮೂಲೆಯ ಬಚ್ಚಲುಗಲ್ಲಿನ ಮೇಲೆ ನಿಂತು ಸಾಯಬಣ್ಣ ಕಾಲಿಗೆ ನೀರು ಸುರಿದುಕೊಂಡ. ನೀರೆಲ್ಲ ಹರಿದುಹೋಯಿತು, ಸ್ವಲ್ಪ ಮಾತ್ರ ಒಂದು ಗೆರೆಯಲ್ಲಿ ನಿಂತಿತು. ಐದು ಬೆರಳು, ಒಂದು ಹಿಮ್ಮಡಿ. ಗೇಣಿಗಿಂತ ಕಡಿಮೆ ಉದ್ದ. ತಂಬಿಗೆ ಅವನ ಕೈಯಿಂದ ಜಾರಿ ಬಿತ್ತು.

ಅದು ಯಾರ ಪಾದವೆಂದು ಕರೀಮ್ ಸಾಹೇಬರಿಗೆ ನಾನೇ ಹೇಳಬೇಕಾಯಿತು. ಅವರು ಕೋಟು ಹಿಡಿದುಕೊಂಡೇ ಕಟ್ಟೆಯ ಮೇಲೆ ಕುಳಿತರು.

"ಮುಖದ ಮ್ಯಾಲ ಗೆರಿ ಇದ್ದ ಫರಸಿ ಪಾಸ್ ಮಾಡಬಾರದಂತ ಹುಕುಂ ಇತ್ತು," ಎಂದರು. "ಕಡಿಯೋರು ತಮ್ಮ ಗುರ್ತು ಬೆನ್ನಿಗೇ ಹಾಕಬೇಕು. ಯಾರ ಕೂಸಿಂದೋ ಪಾದ, ಒಡೀಲಿಕ್ಕ ಮನಸ ಬರ್ಲಿಲ್ಲ, ಮನಿಗಿ ತಂದೆ. ಉಳಿದವೆಲ್ಲ ಹ್ವಾದವು ಸಾಯಬಣ್ಣಾ. ಇದೊಂದೇ ಉಳೀತು."

ಹದಿನೈದು ವರ್ಷ, ಅವನ ಮನೆಯಿಂದ ಎರಡೇ ಓಣಿ ಆಚೆ. ಯಾರನ್ನಾದರೂ ಬೈದುಬಿಡೋಣವೆಂದರೆ ಬೈಯಲು ಯಾರೂ ಸಿಗಲಿಲ್ಲ. ತಡೆಯಲಾಗದೆ ಸಾಯಬಣ್ಣನನ್ನೇ ಕೇಳಿಬಿಟ್ಟೆ, ಇಷ್ಟು ವರ್ಷ ಕಲ್ಲು ಕಡಿದವನಿಗೆ ಆ ಕಾಯಿದೆ ಗೊತ್ತಿರಲಿಲ್ಲವೇ ಎಂದು.

ಅವನು ಒದ್ದೆ ಕಲ್ಲಿನ ಪಕ್ಕ ಕುಕ್ಕರಿಸಿ, ಪಾದದ ಮೇಲೆ ಅಂಗೈ ಇಟ್ಟಿದ್ದ.

"ಗೊತ್ತಿತ್ರಿ," ಎಂದ. "ಬೆನ್ನಿಗಿ ಕೊರದ್ರ ಆಕಿ ಪಾದ ಮಣ್ಣಾಗ ಹೋಗ್ತಿತ್ತಲ್ರಿ."