ಕೌದಿ ಹೊದ್ದ ಜೇನು

ನಮ್ಮ ದೇವಣಗಾಂವದಲ್ಲಿ ಇವತ್ತು ಮೀಸೆ ತಿರುವಿಕೊಂಡು ಓಡಾಡುವ ಹುಡುಗರಲ್ಲಿ ಅರ್ಧಕ್ಕರ್ಧ ಮಂದಿಗೆ ಮೊದಲ ನೀರು ಎರೆದವಳು ನಮ್ಮ ವೈನಿ ಶೆಟ್ಟೆವ್ವ, ನನ್ನ ಅಣ್ಣ ರಾವಸಾಬನ ಹೆಂಡತಿ. ಬಾಣಂತಿಗೆ ಎಣ್ಣೆ ತಿಕ್ಕಿ, ಸುಡುನೀರು ಹಾಕಿ, ಕಿವಿಗೆ ಅರಳೆ ತುರುಕಿ, ಕಿಡಕಿ ಮುಚ್ಚಿ, ಮೇಲೆ ಎರಡು ಕೌದಿ ಹೊಚ್ಚಿದಳೆಂದರೆ ಗಾಳಿಯ ಅಪ್ಪನೂ ಒಳಗೆ ಬರುವಂತಿರಲಿಲ್ಲ. ಅವಳ ಕೈಯಲ್ಲಿ ಒಬ್ಬ ಬಾಣಂತಿಯೂ ಕೆಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಅವಳನ್ನು ದಡ್ಡಿ ಎಂದು ನಗುವವರಿದ್ದಾರೆ. ಮಾಡಿದವರ ಪಾಪ ಆಡಿದವರ ಬಾಯಲ್ಲಿ. ಈಗ ಅವಳು ಯಾರು ಕರೆದರೂ ಹೋಗುವುದಿಲ್ಲ. ನಗುವವರ ಮನೆಯ ಬಾಣಂತಿಗೆ ಇನ್ನು ಯಾರು ನೀರು ಹಾಕುತ್ತಾರೋ ನೋಡೋಣ.

ಅಣ್ಣನದು ಜೇನಿನ ಹುಚ್ಚು. ಹೊಲದ ಬದುವಿನಲ್ಲಿ ಏಳು ಪೆಟ್ಟಿಗೆ ಇಟ್ಟಿದ್ದ. ಮಕ್ಕಳಿಲ್ಲದ ಮನೆ. ಮನುಷ್ಯರ ಜೊತೆ ಆಡದ ಮಾತನ್ನೆಲ್ಲ ಆ ಹುಳಗಳ ಜೊತೆ ಆಡುತ್ತಿದ್ದ. ಪ್ರತಿವರ್ಷ ಚಳಿಗಾಲದಲ್ಲಿ ತೊಗರಿಯ ಹೂ ಮುಗಿದ ಮೇಲೆ ಪೆಟ್ಟಿಗೆಗಳನ್ನು ನಿಡಗುಂದಿ ಕಡೆಯ ಸೂರ್ಯಕಾಂತಿ ಹೊಲಕ್ಕೆ ತಾನೇ ಒಯ್ಯುತ್ತಿದ್ದ, ವೈನಿ ಮುಟ್ಟುತ್ತಿರಲಿಲ್ಲ. ಈ ವರ್ಷ ಬೇವಿನ ಗಿಡದಿಂದ ಬಿದ್ದು ಸೊಂಟ ಮುರಿದುಕೊಂಡು ವಿಜಯಪುರದ ದವಾಖಾನೆ ಸೇರಿದ. ಅವನು ಅಲ್ಲಿರುವಾಗಲೇ ಪಕ್ಕದ ಹೊಲದ ಅಮಿತ ಮನೆಗೆ ಬಂದ.

"ಕಾಕಿ, ನಾಳಿ ಮಧ್ಯಾಹ್ನ ಕಡ್ಲಿಗೆ ಕೀಡಿ ಸಾಯೂ ಎಣ್ಣಿ ಹೊಡಸ್ತೇನಿ. ಅಷ್ಟರಾಗ ಜೇನಿನ ಡಬ್ಬಿ ಎತ್ತರಿ, ಇಲ್ಲಂದ್ರ ಹುಳ ಎಲ್ಲಾ ಸಾಯ್ತಾವ."

ವೈನಿ ಅಣ್ಣನಿಗೆ ಫೋನು ಹಚ್ಚಿದಳು. ಅವನು ಮಲಗಿದಲ್ಲಿಂದಲೇ ಎಲ್ಲ ಹೇಳಿಕೊಟ್ಟ. "ಹೊತ್ತ ಮುಳುಗಿ ಹುಳ ಒಳಗ ಬಂದ ಮ್ಯಾಲ ಬಾಗಲಕ್ಕ ತಂತಿ ಜಾಳಿಗಿ ಬಡಿ. ಮುಚ್ಚಳ ತಗದು ಅಲ್ಲೂ ಜಾಳಿಗಿ ಹಾಕು. ಬೆಳಕ ಹರಿಯೂದ್ರಾಗ ಗಾಡಿ ಬಿಡ್ರಿ. ಗಾಳಿ ಆಡಬೇಕ ನೋಡು, ಏನೂ ಹೊಚ್ಚಬ್ಯಾಡ."

"ಹೂನ್ರಿ," ಎಂದಳು ವೈನಿ. ಫೋನು ಇಟ್ಟು ನನ್ನ ಕಡೆ ತಿರುಗಿದಳು. "ಗಂಡಸರಿಗೆ ಗಾಳಿ ಅಂದ್ರ ಏನ್ ಗೊತ್ತೈತಿ, ಸುನಂದಾ?" ಚೇಷ್ಟೆಗೆ ಅಂದಳೆಂದು ನಾನು ನಕ್ಕೆ.

ಹೇಳಿದಂತೆಯೇ ಸಂಜೆ ಜಾಳಿಗೆ ಬಡಿದಳು. ನಸುಕಿನಲ್ಲಿ ನಮ್ಮೂರಿನ ಬಿಲಾಲ ತನ್ನ ಸಣ್ಣ ಗೂಡ್ಸ್ ಗಾಡಿ ತಂದು ಪೆಟ್ಟಿಗೆ ಏರಿಸಿದ. ಭೀಮಾ ಹೊಳೆಯ ಕಡೆಯಿಂದ ಹಲ್ಲು ಕಡಿಸುವ ಥಂಡಿ ಗಾಳಿ ಬರುತ್ತಿತ್ತು. ವೈನಿ ಒಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಒಳಗಿನ ಗುಂಯ್‌ಗುಡುವಿಕೆ ಕೈಗೆ ಹತ್ತಿತು.

"ನಡಗಾಕತ್ತಾವ ಇವು," ಎಂದಳು. "ಒಳಗ ಮರಿ ಅದಾವ. ಹಸೀ ಬಾಣಂತ್ಯಾರನ್ನ ಹಿಂಗ ಬರೇ ಮೈಲೇ ಒಯ್ತಾರೇನು?"

ಮನೆಯೊಳಗಿನ ಕೌದಿಗಳನ್ನೆಲ್ಲ ಹೊತ್ತು ತಂದಳು. ಒಂದೊಂದು ಪೆಟ್ಟಿಗೆಗೂ ಸುತ್ತಿ, ಅಂಚು ಒಳಗೆ ತುರುಕಿ, ಹಗ್ಗ ಬಿಗಿದಳು. ಬಿಲಾಲ ತಲೆ ಕೆರೆದುಕೊಂಡ. "ಅವ್ವಾ, ಕಾಕಾ ಹಿಂಗ ಹೊಚ್ಚತಿದ್ದಿಲ್ಲಲಾ."

"ನೀ ಹುಟ್ಟಿದಾಗ ನಿಮ್ಮವ್ವಗ ಹೊಚ್ಚಿದಾಕಿ ನಾನ. ಸುಮ್ಮ ಗಾಡಿ ಹೊಡಿ."

ಅವನು ಹಗ್ಗದ ತುದಿ ಹಿಡಿದುಕೊಟ್ಟ. ಕೊನೆಯ ಪೆಟ್ಟಿಗೆಗೆ ಕೌದಿ ಸಾಲಲಿಲ್ಲ. ಅದೊಂದು ಬಯಲಿಗೇ ಉಳಿಯಿತು. ವೈನಿ, ನಾನು ಇಬ್ಬರೂ ಮುಂದೆ ಬಿಲಾಲನ ಪಕ್ಕ ಹತ್ತಿ ಕೂತೆವು. ಸಿಂದಗಿ ದಾಟುವವರೆಗೂ ವೈನಿ ಹಿಂದಿನ ಕಿಂಡಿಯಲ್ಲಿ ಅದನ್ನೇ ನೋಡುತ್ತ, ಪಾಪ, ಅದಕ್ಕೊಂದು ಏನಾಗುತ್ತದೋ ಎಂದು ಹಲುಬಿದಳು.

ಬಸವನ ಬಾಗೇವಾಡಿ ಇನ್ನೂ ಮುಂದಿರುವಾಗ ಕಬ್ಬಿನ ಟ್ರ್ಯಾಕ್ಟರೊಂದು ಪಲ್ಟಿಯಾಗಿ ರಸ್ತೆ ತುಂಬ ಕಬ್ಬು ಬಿದ್ದಿತ್ತು. ಗಾಡಿಗಳು ಸಾಲುಗಟ್ಟಿ ನಿಂತವು. ಬಿಸಿಲು ಏರಿತು. ಕೌದಿಯೊಳಗಿನ ಸದ್ದು ಎಷ್ಟು ಜೋರಾಯಿತೆಂದರೆ ಮುಂದೆ ಕೂತ ನಮಗೂ ಕೇಳಿಸಿತು. ವೈನಿ ಇಳಿದು ಹೋಗಿ, ಸಡಿಲಾದ ಅಂಚುಗಳನ್ನು ಮತ್ತೆ ಬಿಗಿ ಮಾಡಿ, ಮಕ್ಕಳ ಬೆನ್ನು ತಟ್ಟಿದಂತೆ ಮೇಲೆ ತಟ್ಟಿ ಬಂದಳು. ಸ್ವಲ್ಪ ಹೊತ್ತಿಗೆ ಸದ್ದು ಇಳಿಯಿತು.

"ಮಕ್ಕೊಂಡ್ವು ನೋಡು," ಎಂದಳು. ಅವಳ ಮುಖದಲ್ಲಿದ್ದ ಆ ಸಮಾಧಾನವನ್ನು ನೆನೆಸಿಕೊಂಡರೆ ನನಗೆ ಈಗಲೂ ಅನ್ನ ಇಳಿಯುವುದಿಲ್ಲ.

ನಿಡಗುಂದಿಯ ಹೊಲ ಮುಟ್ಟಿದಾಗ ಸೂರ್ಯಕಾಂತಿ ಹಳದಿಗೆ ಹಳದಿ ಅರಳಿ ನಿಂತಿತ್ತು. ಮೊದಲ ಕೌದಿ ಬಿಚ್ಚಿದರೆ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಮೇಣದ ಹುಟ್ಟು ಕರಗಿ ಕುಸಿದು, ತಳದಿಂದ ಜೇನು ಸೋರುತ್ತಿತ್ತು. ಅದರಲ್ಲಿ ಹುಳಗಳು ರಾಶಿ ರಾಶಿ ಸತ್ತು ಅಂಟಿಕೊಂಡಿದ್ದವು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ಕೌದಿ ಹೊದ್ದ ಆರೂ ಮುಗಿದಿದ್ದವು. ಹೊಲದ ಯಜಮಾನ ಬಸಂತರಾಯ ಬಗ್ಗಿ ನೋಡಿ, "ಉಸಿರಿಲ್ದ ಕುದ್ದಾವ್ರಿ ಬೇ," ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದ.

ಬಯಲಿಗಿದ್ದ ಪೆಟ್ಟಿಗೆಯ ಜಾಳಿಗೆ ಬಿಲಾಲ ತೆಗೆದ. ಹುಳಗಳು ಭರ್ರನೆ ಹೊರಬಿದ್ದು ಹೂವಿನ ಕಡೆ ಹೋದವು. ವೈನಿ ಅದನ್ನು ನೋಡಿದಳು, ಒದ್ದೆಯಾದ ಕೌದಿಗಳನ್ನು ನೋಡಿದಳು. ಎಲ್ಲ ತಿಳಿಯಿತು ಅವಳಿಗೆ. "ನನ್ನ ಕೈಲೇ ಹೋದ್ವು," ಎಂದು ಮಣ್ಣಿನಲ್ಲಿ ಕುಸಿದು ಕೂತಳು. ಎಂಥ ಬಾಯಿ ನನ್ನದು, ಊರನ್ನೇ ಬೈಯುವ ಬಾಯಿ. ಅವತ್ತು ಅವಳ ಸೆರಗಿನ ಮಣ್ಣು ಕೊಡವುವುದಷ್ಟೇ ನನ್ನಿಂದಾಯಿತು.

ಅಷ್ಟರಲ್ಲಿ ಅಣ್ಣನ ಫೋನು ಬಂತು.

"ಮುಟ್ಟಿದ್ರೇನು?"

"ಮುಟ್ಟೇವ್ರಿ."

"ಫೋನ ಡಬ್ಬಿಗಿ ಹಿಡಿ. ಒಂದೊಂದ ಕೇಳ್ತೇನಿ. ಇಲ್ಲೆ ಬರೇ ನರಳಾಟ ಕೇಳಿ ಸಾಕಾಗೈತಿ."

ವೈನಿ ಎದ್ದು, ಸ್ಪೀಕರ್ ಹಚ್ಚಿ, ಬದುಕಿದ್ದ ಪೆಟ್ಟಿಗೆಗೆ ಹಿಡಿದಳು. ಅಣ್ಣ ಆ ಕಡೆ ಸಣ್ಣಗೆ ನಕ್ಕ. "ಚಲೋ ಅದಾವ. ಮುಂದಿಂದು?"

ಅವಳು ಫೋನನ್ನು ಸ್ವಲ್ಪ ಹೊತ್ತು ಎದೆಗೆ ಒತ್ತಿಕೊಂಡು ನಿಂತಳು. ಮತ್ತೆ ಅದೇ ಪೆಟ್ಟಿಗೆಗೆ ಹಿಡಿದಳು.

"ಹಾಂ. ಮುಂದಿಂದು?"

ಮತ್ತೆ ಅದಕ್ಕೇ ಹಿಡಿದಳು. ಈ ಸಲ ಅಣ್ಣ ನಗಲಿಲ್ಲ.

"ಶೆಟ್ಟೆವ್ವಾ, ಅದ ಅದ ಡಬ್ಬಿಗಿ ಹಿಡ್ಯಾಕತ್ತಿ ನೀ."

ವೈನಿ ಫೋನನ್ನು ಪೆಟ್ಟಿಗೆಯಿಂದ ಕೆಳಗಿಳಿಸಿದಳು.

"ಬರೇ ಒಂದ ಉಳದೈತೇನು?"

"ಹೌದ್ರಿ."

ಆಮೇಲೆ ಅಣ್ಣ ಮೆಲ್ಲಗೆ ಕೇಳಿದ, "ಹೊಚ್ಚಿದ್ದಿಯೇನು?"

"ಥಂಡಿ ಇತ್ತರಿ," ಎಂದಳು ವೈನಿ.