ಜ್ವರವಿಲ್ಲದ ಚನ್ನಕ್ಕ

ಇಳಕಲ್ ಕಡೆಯ ಚನ್ನಕ್ಕ ಮತ್ತಿಕೆರೆಯ ಹುಡುಗಿಯರ ಪಿ.ಜಿ.ಯೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳು, ಮೊಮ್ಮಗಳ ಜೊತೆ ಹಿಂದಿನ ಓಣಿಯಲ್ಲೇ ವಾಸ.

ಆ ವರ್ಷ ಪಿ.ಜಿ.ಯ ಹುಡುಗಿಯರು ಒಬ್ಬೊಬ್ಬರಾಗಿ ಟೈಫಾಯ್ಡ್ ಹಿಡಿದು ಮಲಗಿದರು. ಟ್ಯಾಂಕ್ ತೊಳೆಸಿ, ಕ್ಯಾನ್ ನೀರು ತರಿಸಿದರೂ ಜ್ವರ ನಿಲ್ಲಲಿಲ್ಲ. ಮಲಗಿದವರಿಗೆಲ್ಲ ಚನ್ನಕ್ಕನೇ ಅನ್ನ ಕಲಸಿ ತಿನ್ನಿಸುತ್ತಿದ್ದಳು. ಕೊನೆಗೆ ಪ್ರತಿಭಾ ಎಂಬ ಹುಡುಗಿಗೆ ಕರುಳೇ ತೂತಾಗಿ ಆಪರೇಷನ್ ಆಯಿತು.

ಆಗ ಹುಡುಗಿಯರನ್ನು ನೋಡುತ್ತಿದ್ದ ಡಾಕ್ಟರ್ ಮುಸರ್ರತ್ ಅಡುಗೆಮನೆಯವರನ್ನೆಲ್ಲ ಪರೀಕ್ಷಿಸಿದರು. ಮರುವಾರ ಚನ್ನಕ್ಕನನ್ನು ಕರೆಸಿ ಬಾಗಿಲು ಹಾಕಿದರು.

"ರೋಗಾಣು ನಿಮ್ಮ ಹೊಟ್ಟೇಲಿದೆ, ಚನ್ನಕ್ಕ."

"ನಂಗ ಜ್ವರಾನ ಬಂದಿಲ್ಲಲ್ರೀ!"

"ಹಿಂದೆ ಯಾವಾಗ್ಲೋ ಬಂದು ಹೋಗಿರುತ್ತೆ. ಆ ರೋಗಾಣು ಮೈಮೇಲೆ ಒಂಥರಾ ಸಕ್ಕರೆ ಪದರ ಹೊದ್ಕೊಂಡಿರುತ್ತೆ. ಅದ್ರೊಳಗೆ ಅಡಗಿದ್ರೆ ನಮ್ಮ ದೇಹಕ್ಕೆ ಬೇಗ ಗುರುತೇ ಸಿಗಲ್ಲ. ನಿಮ್ಮ ರಕ್ತದಲ್ಲಿ ಆ ಪದರದ ವಿರುದ್ಧ ಹುಟ್ಟೋ ಅಂಶ ತುಂಬಾ ಇತ್ತು. ಅನುಮಾನ ಬಂದು ಮಲಪರೀಕ್ಷೆ ಮಾಡಿಸ್ದೆ. ಸಿಕ್ತು."

"ನಾ ಚಾದಾಗೂ ಸಕ್ಕರಿ ಹಾಕ್ಕೊಳ್ಳಂಗಿಲ್ರೀ..."

"ಇದು ಆ ಸಕ್ಕರೆ ಅಲ್ಲ. ರೋಗಾಣು ತಾನೇ ಮಾಡ್ಕೊಳ್ಳೋ ಹೊದಿಕೆ. ಆ ರೋಗಾಣು ಮಲದಿಂದ ಕೈಗಂಟಿ ಅನ್ನಕ್ಕೂ ದಾಟುತ್ತೆ."

ಚನ್ನಕ್ಕ ತನ್ನ ಕೈಗಳನ್ನೇ ನೋಡಿಕೊಂಡಳು. "ಹಂಗಾರ ಪ್ರತಿಭಾಗ ನನ್ನಿಂದಾನ...?"

"ನೀವು ಬೇಕಂತ ಮಾಡಿಲ್ಲ," ಎಂದರು ಡಾಕ್ಟರ್. ಇಲ್ಲ ಎನ್ನಲಿಲ್ಲ.

ಮನೆಗೆ ಬಂದರೆ ಮೊಮ್ಮಗಳು ತಟ್ಟೆ ಹಿಡಿದು ಓಡಿಬಂದಳು. ಚನ್ನಕ್ಕ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ದೂರ ಸರಿ!" ಎಂದು ಕಿರುಚಿದಳು. ಮಗು ಬೆಚ್ಚಿ ಅತ್ತಿತು. ಚರ್ಮ ಬಿರಿಯುವವರೆಗೆ ಕೈ ತೊಳೆದಳು. ಕೂಸು ಒಮ್ಮೆ ಕೆಮ್ಮಿದರೂ ಹಣೆ ಮುಟ್ಟಿ ನೋಡು ಎಂದು ಮಗಳನ್ನು ಪೀಡಿಸುವಳು, ತಾನು ಮುಟ್ಟಳು.

ಒಂದು ತಿಂಗಳು ಮಾತ್ರೆ ನುಂಗಿದರೂ ರೋಗಾಣು ಹೋಗಲಿಲ್ಲ. ಪಿತ್ತಕೋಶದ ಕಲ್ಲುಗಳ ಮೇಲೆ ಅದು ಲೋಳೆ ಕಟ್ಟಿಕೊಂಡು ಕೂತಿದೆ, ಔಷಧಿ ಒಳಗೆ ತಾಗುತ್ತಿಲ್ಲ ಎಂದರು ಡಾಕ್ಟರ್. ಪಿತ್ತಕೋಶವನ್ನೇ ತೆಗೆಯಬೇಕಾಯಿತು. ಆಪರೇಷನ್ನಿಗೆ ಒಯ್ಯುವಾಗ ಚನ್ನಕ್ಕ ಕೇಳಿದ್ದು ಒಂದೇ: "ಆ ಹುಡುಗಿ ಉಳದಾಳೇನ್ರೀ?"

ಪ್ರತಿಭಾ ಉಳಿದಿದ್ದಳು. ಸೊರಗಿ ಅರ್ಧವಾಗಿದ್ದರೂ ಕಾಲೇಜಿಗೆ ಮರಳಿದ್ದಳು.

ಆಮೇಲಿನ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ನೋಡಿದರೂ ರೋಗಾಣು ಕಾಣಲಿಲ್ಲ. "ಇನ್ನು ಧೈರ್ಯವಾಗಿ ಅಡುಗೆ ಮಾಡಿ," ಎಂದರು ಮುಸರ್ರತ್.

ಚನ್ನಕ್ಕ ಏಳಲಿಲ್ಲ. ಬಾಗಿಲ ಕಡೆ ನೋಡಿದಳು. ಹೊರಗೆ ಮೊಮ್ಮಗಳು ಕಾಯುತ್ತಿದ್ದಳು.

"ಅದು ಮತ್ತೆಲ್ಲ್ಯರ ಬಚ್ಚಿಟ್ಕೊಂಡು ಕೂತಿದ್ದರ? ಇನ್ನೊಮ್ಮೆ ನೋಡ್ರಿ, ಡಾಕ್ಟರಮ್ಮ."